‘ಗುಂಪಿನಲ್ಲಿ’ ಅಂದರೆ ಏನು ಕಡಿಮೆ?

ಮಕ್ಕಳ ನಾಟಕದ ಪ್ರತಿ ಬೇಸಿಗೆ ಶಿಬಿರದಲ್ಲೂ ಪಾತ್ರ ಹಂಚಿದ ದಿನ ಸಂಜೆ ಒಂದು ಮಾತು ಕಿವಿಗೆ ಬೀಳುತ್ತದೆ. ಅಪ್ಪ ಅಮ್ಮಂದಿರು ಗೇಟಿನ ಹತ್ತಿರ ಕಾಯುತ್ತಿರುತ್ತಾರೆ. ಮಗು ಚಪ್ಪಲಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಓಡಿ ಹೋಗುತ್ತದೆ. “ಯಾವ ಪಾರ್ಟು ಸಿಕ್ತು?” ಅಂತ ಕೇಳುತ್ತಾರೆ. “ಗುಂಪಿನಲ್ಲಿ” ಅನ್ನುತ್ತದೆ ಮಗು. “ಬರೀ ಗುಂಪಾ?” ಅನ್ನುತ್ತಾರೆ ಅಮ್ಮ. ಆ ‘ಬರೀ’ ಬರುವ ತನಕ ಮಗು ಖುಷಿಯಾಗಿಯೇ ಇತ್ತು. ದಿನವಿಡೀ ಇಲಿಯಾಗಿ ನೆಲದ ಮೇಲೆ ತೆವಳಿ, ಮಂಡಿಗೆಲ್ಲ ಮಣ್ಣು ಮೆತ್ತಿಕೊಂಡು ಬಂದಿತ್ತು. ತನಗೇನೋ ಕಡಿಮೆ ಸಿಕ್ಕಿದೆ ಅನ್ನುವುದು ಅದಕ್ಕೆ ಅಲ್ಲಿ, ಆ ಗೇಟಿನ ಹತ್ತಿರ ಗೊತ್ತಾಗುತ್ತದೆ. ಮರುದಿನ ಬೆಳಿಗ್ಗೆ ನಮ್ಮ ಹತ್ತಿರ ಬಂದು, “ನಂಗೂ ಒಂದು ಡೈಲಾಗ್ ಕೊಡಿ” ಅಂತ ಕೇಳುತ್ತದೆ.

ಆ ಅಮ್ಮನ ಮೇಲೆ ನನಗೆ ಕೋಪವಿಲ್ಲ. ಅವರು ನೋಡಿರುವ ಗುಂಪುಗಳೇ ಅಂಥವು. ಸ್ಕೂಲ್ ಡೇ ದಿನ ಹಸಿರು ಬಟ್ಟೆ ಸುತ್ತಿಕೊಂಡು ಮರವಾಗಿ ನಿಂತ ಮಕ್ಕಳು. ಮುಂದೆ ನಾಲ್ಕು ಜನ ಕುಣಿಯುವಾಗ ಹಿಂದಿನ ಸಾಲಿನಲ್ಲಿ ಕೈ ಬೀಸುವ ಮಕ್ಕಳು. ಅವರನ್ನು ತೆಗೆದುಬಿಟ್ಟರೂ ಕಾರ್ಯಕ್ರಮ ನಡೆದೇ ನಡೆಯುತ್ತದೆ. ಎಲ್ಲರನ್ನೂ ಸ್ಟೇಜಿಗೆ ಹತ್ತಿಸಬೇಕು ಅನ್ನುವ ಒಳ್ಳೆಯ ಉದ್ದೇಶದಿಂದಲೇ ಅವರನ್ನು ಅಲ್ಲಿ ನಿಲ್ಲಿಸಿರುತ್ತಾರೆ, ನಿಜ. ಆದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವುದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅವರ ಕಣ್ಣು ಪ್ರೇಕ್ಷಕರ ಕಡೆ ಹೋಗುತ್ತದೆ. ಅಪ್ಪ ಎಲ್ಲಿ ಕೂತಿದ್ದಾರೆ, ಮೊಬೈಲ್ ಎತ್ತಿದ್ದಾರಾ ಅಂತ ಹುಡುಕುತ್ತಾರೆ.

ಮಕ್ಕಳ ಶಿಬಿರಗಳಲ್ಲಿ ಹಾರ್ಮೋನಿಯಂ ನುಡಿಸುವುದು ನನ್ನ ಕೆಲಸ. ರಂಗದ ಒಂದು ಪಕ್ಕದಲ್ಲಿ, ತಬಲದವರ ಜೊತೆ ಕೂತಿರುತ್ತೇನೆ. ಅಲ್ಲಿಂದ ನಾಟಕ ಅಡ್ಡಡ್ಡವಾಗಿ ಕಾಣುತ್ತದೆ. ಮುಖಕ್ಕಿಂತ ಕಾಲುಗಳು ಜಾಸ್ತಿ ಕಾಣುತ್ತವೆ. ಯಾರು ಉಸಿರು ತೆಗೆದುಕೊಂಡರು, ಯಾರು ಪಕ್ಕದವರನ್ನು ನೋಡಿ ಹೆಜ್ಜೆ ಇಟ್ಟರು, ಯಾರು ನೋಡದೆಯೇ ಇಟ್ಟರು, ಎಲ್ಲ ಗೊತ್ತಾಗುತ್ತದೆ. ಹೀಗೆ ಕೂತು ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಹಾಡು ಇರುವ ನಾಟಕದಲ್ಲಿ ಒಂದು ಮಗು ಕಲಿಯಬಹುದಾದ ಅತಿ ಕಷ್ಟದ ಕೆಲಸ ಗುಂಪಿನಲ್ಲೇ ಇದೆ. ತಾನು ಮಾತಾಡದೆ ಇರುವಾಗ, ತನ್ನ ಸಾಲು ಇನ್ನೂ ಬಾರದೆ ಇರುವಾಗ, ಉಳಿದವರನ್ನು ಕೇಳಿಸಿಕೊಳ್ಳುತ್ತಾ ರಂಗದ ಮೇಲೆ ಇರುವುದು. ಡೈಲಾಗನ್ನು ಮನೆಯಲ್ಲಿ ಕನ್ನಡಿ ಮುಂದೆ ನಿಂತು ಕಲಿಯಬಹುದು. ಇದನ್ನು ಮನೆಯಲ್ಲಿ ಕಲಿಯಲು ಆಗುವುದಿಲ್ಲ.

ಕೋಡಂಗಿಯಿಂದ ಶುರು

ನಮ್ಮ ಕಡೆಯ ಹಳೆಯ ರಂಗಭೂಮಿಗೆ ಇದು ಚೆನ್ನಾಗಿ ಗೊತ್ತಿತ್ತು. ಯಕ್ಷಗಾನದಲ್ಲಿ ಹೊಸ ಹುಡುಗ ಬಂದ ಕೂಡಲೇ ಅರ್ಜುನನ ಕಿರೀಟ ಕಟ್ಟುವುದಿಲ್ಲ. ಮೊದಲು ಪೂರ್ವರಂಗ. ಕೋಡಂಗಿ ವೇಷ, ಬಾಲಗೋಪಾಲ ವೇಷ. ಜನ ಇನ್ನೂ ಬಂದು ಕೂರುತ್ತಿರುವ ಹೊತ್ತಿನಲ್ಲಿ, ಮುಖ್ಯ ಪ್ರಸಂಗಕ್ಕೆ ಮುಂಚೆ, ಕಲಿಯುವ ಹುಡುಗರು ಕುಣಿಯುತ್ತಾರೆ. ಮಾತು ಇಲ್ಲ. ಇರುವುದು ಹೆಜ್ಜೆ, ತಾಳ, ಪಕ್ಕದವನ ಜೊತೆ ಹೊಂದಿಕೊಳ್ಳುವುದು. ಪದ್ಯ ಹಾಡುವ ಭಾಗವತರ ಜಾಗಟೆ ಎಲ್ಲಿ ಬಿತ್ತು, ಮದ್ದಳೆ ಎಲ್ಲಿ ಮುಕ್ತಾಯ ಕೊಟ್ಟಿತು ಅಂತ ಕಿವಿಯಿಂದ ತಿಳಿದು ಕಾಲಿಗೆ ಹೇಳಬೇಕು. ಇಷ್ಟಾದ ಮೇಲೆ ಅರ್ಥಗಾರಿಕೆ, ಅಂದರೆ ಮಾತು. ಪಾಂಡವರ ಒಡ್ಡೋಲಗವನ್ನೇ, ಅಂದರೆ ಅವರು ರಂಗಕ್ಕೆ ಬರುವ ಕುಣಿತವನ್ನೇ ನೋಡಿ. ಐದು ಜನ ಬಂದು ಕುಣಿಯುವಾಗ ಧರ್ಮರಾಯನ ಹೆಜ್ಜೆಗೂ ಭೀಮನ ಹೆಜ್ಜೆಗೂ ವ್ಯತ್ಯಾಸ ಇರುತ್ತದೆ, ಆದರೆ ಐವರೂ ಒಂದೇ ಮನೆಯವರು ಅನ್ನುವುದೂ ಕಾಣಬೇಕು. ಸಾಲಿಗ್ರಾಮದ ಮಕ್ಕಳ ಮೇಳ 1970ರ ದಶಕದಿಂದ ಇದನ್ನೆಲ್ಲ ಮಕ್ಕಳ ಕೈಯಲ್ಲೇ ಮಾಡಿಸಿ ತೋರಿಸುತ್ತಾ ಬಂದಿದೆ.

ಕಂಪನಿ ನಾಟಕಗಳಲ್ಲೂ ಹೆಚ್ಚುಕಡಿಮೆ ಹೀಗೇ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಲ್ಲಿ ಎಷ್ಟೋ ಮಕ್ಕಳು ಬೆಳೆದರು. ರಾಜ್‌ಕುಮಾರ್ ಅಲ್ಲಿ ಬೆಳೆದವರು. ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿ ಹೋಗಿ ಅಲ್ಲಿ ಸೇರಿದವರು. ಕಂಪನಿಯ ಹುಡುಗ ಅಂದರೆ ಪರದೆ ಎಳೆಯುವವನೂ ಅವನೇ, ದೊಡ್ಡವರ ಹಾಡನ್ನು ದಿನಾ ಸೈಡ್‌ವಿಂಗಿನಲ್ಲಿ ನಿಂತು ಕೇಳುವವನೂ ಅವನೇ. ಪರದೆ ಏಳುವಾಗ ಎಲ್ಲರೂ ಸೇರಿ ಹಾಡುವ ಪ್ರಾರ್ಥನೆಯಲ್ಲಿ ಅವನ ದನಿಯೂ ಇರುತ್ತಿತ್ತು. ಇಡೀ ನಾಟಕ ಕಿವಿಯಿಂದಲೇ ಬಾಯಿಪಾಠ ಆಗುತ್ತಿತ್ತು. ಕಾರಂತರು ಮುಂದೆ ರಂಗಸಂಗೀತ ಮಾಡುವಾಗ ಹಾಡನ್ನು ಒಬ್ಬ ಗಾಯಕನ ಕೈಯಿಂದ ತೆಗೆದು ಇಡೀ ರಂಗಕ್ಕೆ ಹಂಚಿದರು. ಕೈಗೆ ಸಿಕ್ಕ ವಸ್ತುಗಳಲ್ಲೆಲ್ಲ ಸದ್ದು ಹುಡುಕಿದರು, ನಟರ ಬಾಯಲ್ಲೇ ಗಾಳಿ ಮಳೆ ಬರಿಸಿದರು. ಈ ಹಂಚಿಕೆಯ ಬೇರು ಆ ಕಂಪನಿಯ ದಿನಗಳಲ್ಲೂ ಇದೆ ಅಂತ ನನಗೆ ಅನ್ನಿಸುತ್ತದೆ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಅನ್ನುವ ನಾಟಕ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರು ಅವರೇ. ಅಲ್ಲಿ ಬೇಸಿಗೆಯಲ್ಲಿ ನಡೆಯುವ ಮಕ್ಕಳ ಶಿಬಿರ ‘ಚಿಣ್ಣರ ಮೇಳ’ ನೋಡಿದವರಿಗೆ ನಾನು ಹೇಳುತ್ತಿರುವುದು ತಕ್ಷಣ ಅರ್ಥವಾಗುತ್ತದೆ. ಆ ಆವರಣದಲ್ಲಿ ಯಾವ ಮರದ ಕೆಳಗೆ ಹೋದರೂ ಒಂದು ತಂಡ ಹಾಡುತ್ತಿರುತ್ತದೆ.

ನಡೆಯುವುದು, ನಿಲ್ಲುವುದು

ಶಿಬಿರದ ಮೊದಲ ವಾರ ನಾವು ನಾಟಕದ ಹೆಸರೇ ಎತ್ತುವುದಿಲ್ಲ. ಮಕ್ಕಳು ಸುಮ್ನೆ ನಡೆಯುತ್ತಾರೆ. ಹಾಲಿನ ತುಂಬ, ಯಾರಿಗೂ ಡಿಕ್ಕಿ ಹೊಡೆಯದೆ, ಖಾಲಿ ಜಾಗ ಕಂಡಲ್ಲಿಗೆ ಹೋಗುತ್ತಾ ನಡೆಯಬೇಕು. ನಿರ್ದೇಶಕರು ಚಪ್ಪಾಳೆ ತಟ್ಟಿದರೆ ನಿಲ್ಲಬೇಕು. ಇದು ಸುಲಭ. ಎರಡು ದಿನ ಕಳೆದ ಮೇಲೆ ಚಪ್ಪಾಳೆ ಇಲ್ಲ. ಯಾರೂ ಹೇಳದೆ, ಯಾರೂ ಸನ್ನೆ ಮಾಡದೆ, ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಮತ್ತೆ ಒಟ್ಟಿಗೆ ಹೊರಡಬೇಕು.

ಮೊದಲು ಗಲಾಟೆಯೋ ಗಲಾಟೆ. ದೊಡ್ಡ ಹುಡುಗರು ಲೀಡರ್ ಆಗಲು ನೋಡುತ್ತಾರೆ. ಗಬಕ್ಕನೆ ನಿಂತು, “ನಿಲ್ರೋ” ಅಂತ ಕಣ್ಣಲ್ಲೇ ಹೆದರಿಸುತ್ತಾರೆ. ಸಣ್ಣವರು ನಗುತ್ತಾರೆ. ಕೆಲವರು ನಿಂತೇ ಇರುತ್ತಾರೆ, ಹೊರಡುವುದೇ ಇಲ್ಲ. ನಿರ್ದೇಶಕರು ಏನೂ ಹೇಳುವುದಿಲ್ಲ. ಮತ್ತೆ ಮಾಡಿಸುತ್ತಾರೆ. ನಾಲ್ಕೈದು ದಿನ ಆಗುವಷ್ಟರಲ್ಲಿ ನಡಿಗೆಯ ಸದ್ದು ಬದಲಾಗುತ್ತದೆ. ಬರಿಗಾಲಿನ ಸದ್ದು ಮೊದಲು ಚೆಲ್ಲಾಪಿಲ್ಲಿ ಇರುತ್ತದೆ, ಆಮೇಲೆ ಒಂದು ಹದಕ್ಕೆ ಬರುತ್ತದೆ. ನಿಲ್ಲುವ ಮುಂಚೆ ಹೆಜ್ಜೆ ಸ್ವಲ್ಪ ನಿಧಾನ ಆಗುತ್ತದೆ. ಆ ನಿಧಾನವನ್ನು ಹಿಂದೆ ಇರುವವರು ಕೇಳಿಸಿಕೊಳ್ಳುತ್ತಾರೆ. ಬೆನ್ನು ತಿರುಗಿಸಿದವನೂ ನಿಲ್ಲುತ್ತಾನೆ. ಯಾರು ಮೊದಲು ನಿಂತರು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿರುವುದಿಲ್ಲ.

ಇದಕ್ಕೆ ಹಾಡು ಸೇರುವುದು ಎರಡನೇ ವಾರ. ಹಾಡುತ್ತಾ ನಡೆಯುವುದು ಎಷ್ಟು ಕಷ್ಟ ಅಂತ ಕೂತು ಹಾಡುವವರಿಗೆ ಗೊತ್ತಿರುವುದಿಲ್ಲ. ಉಸಿರು ಸಾಲುವುದಿಲ್ಲ. ಮಕ್ಕಳ ಗುಂಪು ಹಾಡಿದಾಗ ಲಯ ಓಡುತ್ತದೆ, ಅದು ಎಲ್ಲ ಊರಿನ ಮಕ್ಕಳ ಗುಣ. ನಡೆಯುತ್ತಾ ಹಾಡಿದರೆ ಇನ್ನೂ ಜೋರಾಗಿ ಓಡುತ್ತದೆ. ತಬಲದವರು ಬಿಗಿ ಹಿಡಿದು ಎಳೆದರೆ ಮಕ್ಕಳು ಕಿರುಚಲು ಶುರು ಮಾಡುತ್ತಾರೆ. ಹಾಗಾಗಿ ನಾವು ತಾಳವನ್ನು ಕಾಲಿನಿಂದಲೇ ಕಲಿಸುತ್ತೇವೆ. ಆದಿತಾಳದಲ್ಲಿ ನಡೆದರೆ ಎಂಟು ಹೆಜ್ಜೆ, ಪ್ರತಿ ಆವರ್ತವೂ (ತಾಳದ ಒಂದು ಸುತ್ತು) ಬಲಗಾಲಿನಿಂದಲೇ ಶುರು. ತೊಂದರೆ ಇಲ್ಲ. ಆಮೇಲೆ ಮಿಶ್ರಚಾಪು. ತಕಿಟ ತಕಧಿಮಿ. ಏಳು ಹೆಜ್ಜೆ. ಮೊದಲ ಆವರ್ತ ಬಲಗಾಲಿನಿಂದ ಶುರುವಾದರೆ ಎರಡನೆಯದು ಎಡಗಾಲಿನಿಂದ. ಇದನ್ನು ನಾವು ಹೇಳಿಕೊಡುವುದಿಲ್ಲ. ನಡೆಯುತ್ತಾ ನಡೆಯುತ್ತಾ ಯಾರೋ ಒಬ್ಬರು, “ಸರ್, ಕಾಲು ಬದಲಾಗ್ತಾ ಇದೆ!” ಅಂತ ಕೂಗುತ್ತಾರೆ. ಆಗ ಎಲ್ಲರೂ ತಮ್ಮ ಕಾಲು ನೋಡಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ತಾಳ ಅವರ ಸ್ವತ್ತು. ಶಾಸ್ತ್ರೀಯ ಸಂಗೀತ ಕಲಿಯುವ ಮಕ್ಕಳಿಗೆ ಕೈಯಲ್ಲಿ ತಾಳ ಹಾಕಿ ಅಭ್ಯಾಸ ಇರುತ್ತದೆ, ಕಾಲಿಗೆ ಬರುವಾಗ ಅವರೂ ತಡವರಿಸುತ್ತಾರೆ. ಸಂಗೀತ ಕಲಿಯದ ಮಕ್ಕಳ ಜೊತೆ ಅವರು ಸಮ ಆಗುವ ದಿನ ಅದು. ಆ ದಿನಕ್ಕಾಗಿ ನಾನು ಕಾಯುತ್ತಿರುತ್ತೇನೆ.

ಉಸಿರಿನ ಬಗ್ಗೆ ಒಂದು ಮಾತು. ಉದ್ದದ ಸಾಲು ಇದ್ದರೆ ಎಲ್ಲ ಮಕ್ಕಳೂ ಒಂದೇ ಕಡೆ ಉಸಿರು ಎಳೆದುಕೊಳ್ಳುತ್ತಾರೆ. ಹಾಡು ಅಲ್ಲಿ ತುಂಡಾಗುತ್ತದೆ. ಪಕ್ಕದವರು ಉಸಿರು ತೆಗೆದುಕೊಳ್ಳುವಾಗ ನೀನು ಹಾಡು, ನೀನು ತೆಗೆದುಕೊಳ್ಳುವಾಗ ಅವರು ಹಾಡುತ್ತಾರೆ ಅಂತ ಜೋಡಿ ಮಾಡಿ ಅಭ್ಯಾಸ ಮಾಡಿಸಿದರೆ ಸಾಲು ತುಂಡಾಗುವುದಿಲ್ಲ. ಇದಕ್ಕೆ ಪಕ್ಕದವರ ಉಸಿರು ಕೇಳಿಸಬೇಕು. ಉಸಿರು ಕೇಳಿಸಬೇಕಾದರೆ ಮೆಲ್ಲಗೆ ಹಾಡಬೇಕು. “ಜೋರಾಗಿ ಹಾಡ್ರೋ, ಹಿಂದೆ ಕೂತವರಿಗೆ ಕೇಳಿಸಬೇಕು” ಅಂತ ಮೊದಲ ದಿನದಿಂದಲೇ ಹೇಳುವುದರಲ್ಲಿ ನನಗೆ ನಂಬಿಕೆ ಇಲ್ಲ. ಮೊದಲು ಪಕ್ಕದವರಿಗೆ ಕೇಳಿಸಲಿ.

ಇಲಿಗಳ ಬಾಲ

ಹಾಡಿನ ನಾಟಕಕ್ಕೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಂಥ ವಸ್ತು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮಕ್ಕಳ ತಂಡಗಳು ಮತ್ತೆ ಮತ್ತೆ ಅದನ್ನು ಎತ್ತಿಕೊಳ್ಳುವುದಕ್ಕೆ ಕಾರಣ ಇದೆ. ಜೋಗಿ ಒಬ್ಬ, ಗೌಡ ಒಬ್ಬ, ಸರಿ. ಆದರೆ ಕತೆ ನಡೆಸುವವರು ಗುಂಪಿನವರು. ಮೊದಲರ್ಧದಲ್ಲಿ ಇಲಿಗಳು ಊರನ್ನು ಹಾಳು ಮಾಡಬೇಕು, ಜೋಗಿಯ ವಾದ್ಯ ಕೇಳುತ್ತಾ ಅವನ ಹಿಂದೆ ಹೋಗಿ ಹೊಳೆಗೆ ಬೀಳಬೇಕು. ಎರಡನೇ ಅರ್ಧದಲ್ಲಿ ಅವೇ ಇಲಿಗಳು ಊರಿನ ಮಕ್ಕಳಾಗಿ ಮತ್ತೆ ಜೋಗಿಯ ಹಿಂದೆ ಹೊರಡಬೇಕು. ಅದೇ ಮಕ್ಕಳು, ಅದೇ ಹಾದಿ. ನಡಿಗೆ ಮಾತ್ರ ಬೇರೆ. ಇಲ್ಲಿ ಗುಂಪನ್ನು ತೆಗೆದರೆ ಏನೂ ಉಳಿಯುವುದಿಲ್ಲ. ಮಕ್ಕಳಿಗೆ ಇದು ಬಾಯಿಬಿಟ್ಟು ಹೇಳದೆಯೇ ಗೊತ್ತಾಗುತ್ತದೆ.

ಒಂದು ಪ್ರದರ್ಶನ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಲಿಗಳಿಗೆಲ್ಲ ಗೋಣಿ ಹಗ್ಗದ ಬಾಲ ಕಟ್ಟಿದ್ದೆವು. ಇಲಿಗಳ ಎಂಟ್ರಿ ಎಡಗಡೆಯ ವಿಂಗಿನಿಂದ, ಸಾಲಾಗಿ. ಪಲ್ಲವಿ ಮುಗಿಯುವಷ್ಟರಲ್ಲಿ ಎಲ್ಲ ಇಲಿಗಳೂ ನಡುರಂಗಕ್ಕೆ ಬಂದು, ಚರಣದ ಮೊದಲ ಅಕ್ಷರಕ್ಕೆ ಅಡುಗೆಮನೆಯ ಪಾತ್ರೆಗಳ ಮೇಲೆ ಎರಗಬೇಕು. ಕಾಲು ಭಾಗ ಇಲಿಗಳು ಬಂದವು. ಆಮೇಲೆ ಸಾಲು ನಿಂತಿತು. ನಾನು ಕೂತಲ್ಲಿಂದ ವಿಂಗಿನ ಒಳಗೆ ಕಾಣುತ್ತಿತ್ತು. ಮಧ್ಯದಲ್ಲಿದ್ದ ಒಬ್ಬ ಸಣ್ಣ ಹುಡುಗನ ಬಾಲ ಸೆಟ್ಟಿನ ಮೊಳೆಗೆ ಸಿಕ್ಕಿಕೊಂಡಿತ್ತು. ಅವನು ಎಳೆಯುತ್ತಿದ್ದ. ಅವನ ಹಿಂದಿನವರು ದಾಟಿ ಬರಲು ಜಾಗವಿಲ್ಲ.

ಮುಂದೆ ಬಂದಿದ್ದ ಇಲಿಗಳಿಗೆ ಅದು ಕಾಣುವ ಹಾಗಿರಲಿಲ್ಲ. ಅವರ ಬೆನ್ನು ಆ ಕಡೆಗಿತ್ತು. ಆದರೆ ಹಿಂದಿನಿಂದ ಬರಬೇಕಾಗಿದ್ದ ಗೆಜ್ಜೆಯ ಸದ್ದು ಬರಲಿಲ್ಲ. ಪಲ್ಲವಿಯ ಕೊನೆಯ ಸಾಲಿಗೆ ಬಂದಾಗ ಮುಂದಿದ್ದ ಒಬ್ಬಳು ಹುಡುಗಿ, ಎಂಟೋ ಒಂಬತ್ತೋ ವರ್ಷ ಇರಬೇಕು, ಚರಣ ಎತ್ತುವ ಬದಲು ಪಲ್ಲವಿಯನ್ನೇ ಮತ್ತೆ ಎತ್ತಿದಳು. ಪಕ್ಕದ ಇಬ್ಬರು ಒಂದು ಮಾತ್ರೆ ತಡವಾಗಿ ಸೇರಿದರು. ಮೂರನೇ ಅಕ್ಷರಕ್ಕೆ ಎಲ್ಲರೂ ಸೇರಿದ್ದರು. ನನ್ನ ಬೆರಳು ಆಗಲೇ ಚರಣದ ಮೇಲಿನ ಷಡ್ಜಕ್ಕೆ ಹೋಗಿತ್ತು, ಕೆಳಗೆ ಇಳಿಸಿಕೊಂಡೆ. ತಬಲದವರು ಠೇಕಾ ಬಿಡದೆ ಹಿಡಿದರು. ಪಲ್ಲವಿ ಎರಡನೇ ಸಲ ನಡೆಯುತ್ತಿರುವಾಗ ಆ ಹುಡುಗಿ ಮೂಗಿನಿಂದ ನೆಲ ಮೂಸುತ್ತಾ ಒಂದು ಸುತ್ತು ತಿರುಗಿದಳು. ಹಾಗೆ ತಿರುಗುವಾಗ ವಿಂಗಿನ ಕಡೆ ನೋಡಿದಳು. ಉಳಿದ ಇಲಿಗಳೂ ಮೂಸಲು ಶುರು ಮಾಡಿದವು. ಅಷ್ಟರಲ್ಲಿ ಹಿಂದಿದ್ದ ಹುಡುಗ ಬಾಗಿ ಮೊಳೆಯಿಂದ ಹಗ್ಗ ಬಿಡಿಸಿದ. ಸಾಲು ಗೆಜ್ಜೆಯ ಸದ್ದಿನ ಜೊತೆ ಒಳಗೆ ಬಂತು. ಚರಣ ಶುರುವಾಯಿತು, ಪಾತ್ರೆಗಳು ಬಿದ್ದವು.

ನಾಟಕ ಮುಗಿದ ಮೇಲೆ ಎಷ್ಟೋ ಜನ ಜೋಗಿಯ ಹುಡುಗನಿಗೆ ಶಹಬ್ಬಾಸ್ ಹೇಳಿದರು. ಅವನು ಚೆನ್ನಾಗಿಯೇ ಮಾಡಿದ್ದ. ಇಲಿಗಳ ಎಂಟ್ರಿಯಲ್ಲಿ ಏನೋ ಆಯಿತು ಅಂತ ಪ್ರೇಕ್ಷಕರಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಆ ಹುಡುಗಿಗೆ ಹಾಗೆ ಮಾಡು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವುದಕ್ಕೆ ಆಗುವುದೂ ಇಲ್ಲ. ಯಾವ ಮೊಳೆಗೆ ಯಾರ ಬಾಲ ಸಿಗುತ್ತದೆ ಅಂತ ಮೊದಲೇ ಗೊತ್ತಿರುತ್ತದಾ? ನಾವು ಮಾಡಿಸಿದ್ದು ನಡೆಯುವುದು, ನಿಲ್ಲುವುದು, ಬೆನ್ನ ಹಿಂದಿನ ಸದ್ದು ಕೇಳಿಸಿಕೊಳ್ಳುವುದು ಅಷ್ಟೇ. ಅವಳು ಅದನ್ನು ಎಲ್ಲಿ ಬಳಸಬೇಕೋ ಅಲ್ಲಿ ಬಳಸಿದಳು. ನಾಯಕಿ ಪಾತ್ರದ ಮಗುವಿಗೆ ಈ ಅವಕಾಶ ಸಿಗುವುದು ಕಡಿಮೆ. ಅದರ ತಲೆಯಲ್ಲಿ ತನ್ನ ಮುಂದಿನ ಮಾತು ತುಂಬಿರುತ್ತದೆ.

ಟ್ರ್ಯಾಕ್ ಕಾಯುವುದಿಲ್ಲ

ಇದೇ ಕಾರಣಕ್ಕೆ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿ ಮಕ್ಕಳನ್ನು ಕುಣಿಸುವುದು ನನಗೆ ಸಂಕಟ ತರುತ್ತದೆ. ಆ ದಿನ ಟ್ರ್ಯಾಕ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಪಲ್ಲವಿ ಮುಗಿಯುತ್ತಿತ್ತು, ಚರಣ ಶುರುವಾಗುತ್ತಿತ್ತು, ನಾಲ್ಕು ಇಲಿಗಳು ಪಾತ್ರೆ ಬೀಳಿಸುತ್ತಿದ್ದವು. ಉಳಿದವು ವಿಂಗಿನಲ್ಲಿ. ಬಾಲ ಸಿಕ್ಕಿಕೊಂಡವನು ಅಳುತ್ತಿದ್ದ, ಹಿಂದಿನವರು ಅವನನ್ನು ಬೈಯುತ್ತಿದ್ದರು. ತಪ್ಪು ಅವನದ್ದಾಗುತ್ತಿತ್ತು.

ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಹೀಗೇ ಆಗಿದ್ದನ್ನು ನೋಡಿದ್ದೇನೆ. ಹಾಡಿನ ಮಧ್ಯೆ ಒಬ್ಬಳು ಹುಡುಗಿಯ ತಲೆಯ ಹೂವಿನ ದಂಡೆ ಬಿಚ್ಚಿ ಮುಖದ ಮೇಲೆ ಬಿತ್ತು. ಅವಳು ಅದನ್ನು ಸರಿ ಮಾಡಿಕೊಳ್ಳುವಷ್ಟರಲ್ಲಿ ಗುಂಪು ಬಲಗಡೆ ಸರಿದಿತ್ತು. ಅವಳು ಎಡಗಡೆ ಒಬ್ಬಳೇ. ಉಳಿದ ಮಕ್ಕಳು ಅವಳನ್ನು ನೋಡಿದರು, ಆದರೆ ಅವರಿಗೆ ಮಾಡಲು ಏನೂ ಇರಲಿಲ್ಲ. ಸ್ಪೀಕರಿನಲ್ಲಿ ಹಾಡು ಹೋಗುತ್ತಲೇ ಇತ್ತು. ಹಾಡಿನ ಹಿಂದೆ ಓಡುವುದೇ ಅವರ ಕೆಲಸ. ಯಾರಿಗೂ ಯಾರನ್ನೂ ಕಾಯುವ ಹಕ್ಕಿರಲಿಲ್ಲ. ಬಾಯಿ ಆಡಿಸುತ್ತಿದ್ದರು, ದನಿ ಬೇರೆ ಯಾರದ್ದೋ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮಕ್ಕಳು ಅವರು. ಎಲ್ಲರ ಕೈಯೂ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಇಳಿಯುತ್ತಿತ್ತು. ನೋಡಲು ಅಚ್ಚುಕಟ್ಟು. ಆದರೆ ಅವರೆಲ್ಲ ಪ್ರತ್ಯೇಕವಾಗಿ ಸ್ಪೀಕರಿಗೆ ಕಟ್ಟಿಕೊಂಡಿದ್ದರು. ಒಬ್ಬರಿಗೊಬ್ಬರು ಕಟ್ಟಿಕೊಂಡಿರಲಿಲ್ಲ.

ಟ್ರ್ಯಾಕಿನ ಪರವಾಗಿ ಹೇಳುವವರ ಮಾತೂ ನನಗೆ ಗೊತ್ತು. ಹಾರ್ಮೋನಿಯಂ ನುಡಿಸುವವರು ಎಲ್ಲಿ ಸಿಗುತ್ತಾರೆ, ದುಡ್ಡು ಎಲ್ಲಿದೆ, ಮಕ್ಕಳ ದನಿ ಮೈಕಿಗೆ ಕೇಳಿಸುವುದಿಲ್ಲ ಅನ್ನುತ್ತಾರೆ. ಮೈಕಿನ ಕಷ್ಟ ನಿಜ. ರಂಗದ ಮೇಲೆ ಎರಡು ಮೈಕ್ ಇಳಿಬಿಟ್ಟರೆ ಅದರ ಕೆಳಗೆ ನಿಂತ ಇಬ್ಬರ ದನಿ ಮಾತ್ರ ಕೇಳಿಸುತ್ತದೆ, ಅವರಿಬ್ಬರೂ ಬೇಸೂರಾದರೆ ಇಡೀ ಹಾಡು ಬೇಸೂರು. ಅದಕ್ಕೆ ನಾವು ಗಟ್ಟಿ ದನಿಯ ಮಕ್ಕಳನ್ನು ಒಂದೇ ಕಡೆ ನಿಲ್ಲಿಸದೆ ಹಂಚಿ ನಿಲ್ಲಿಸುತ್ತೇವೆ. ಅದಕ್ಕಿಂತ ಮುಖ್ಯವಾಗಿ, ಮಕ್ಕಳ ದನಿ ಸಿನಿಮಾ ಹಾಡಿನಷ್ಟು ತುಂಬಿ ಬರಬೇಕು ಅಂತ ಯಾಕೆ ಬಯಸಬೇಕು? ಒಂಬತ್ತು ವರ್ಷದ ಮಕ್ಕಳ ದನಿ ಒಂಬತ್ತು ವರ್ಷದ ಹಾಗೇ ಕೇಳಿಸಲಿ. ಜನ ಸ್ವಲ್ಪ ಮುಂದೆ ಬಾಗಿ ಕೇಳಿಸಿಕೊಳ್ಳುತ್ತಾರೆ.

ಹಾರ್ಮೋನಿಯಂ ಇಲ್ಲದಿದ್ದರೂ ನಡೆಯುತ್ತದೆ. ಒಂದು ಖಂಜಿರ ಇದ್ದರೆ ಸಾಕು, ಅದೂ ಇಲ್ಲದಿದ್ದರೆ ಒಂದು ಡಬ್ಬ. ಅದನ್ನು ಬಾರಿಸುವವರಿಗೆ ಮಕ್ಕಳ ಮೇಲೆ ಕಣ್ಣಿರಬೇಕು, ಅಷ್ಟೇ. ಯಕ್ಷಗಾನದ ಭಾಗವತರು ರಂಗದ ಹಿಂಭಾಗದಲ್ಲಿ ಕೂತು ವೇಷಧಾರಿಯ ಬೆನ್ನು ನೋಡುತ್ತಲೇ ಪದ್ಯದ ಕಾಲ ಏರಿಸುತ್ತಾರೆ, ಇಳಿಸುತ್ತಾರೆ, ಬೇಕಾದರೆ ಸಾಲನ್ನು ಮತ್ತೆ ಹೇಳುತ್ತಾರೆ. ಹಿಮ್ಮೇಳ, ಅಂದರೆ ಹಾಡು ವಾದ್ಯದವರು, ತಮ್ಮನ್ನು ನೋಡುತ್ತಿದೆ ಅಂತ ಮಕ್ಕಳಿಗೆ ಗೊತ್ತಾದರೆ ಅವರೂ ಹಿಮ್ಮೇಳವನ್ನು ಕೇಳಿಸಿಕೊಳ್ಳಲು ಶುರು ಮಾಡುತ್ತಾರೆ. ಆಮೇಲೆ ಒಬ್ಬರನ್ನೊಬ್ಬರು.

ಬರೀ ಬಾಯಿ ಆಡಿಸು

ಈಗ ನನಗೆ ಬಹಳ ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ಶ್ರುತಿ ಸೇರದ ಮಗುವಿಗೆ, “ನೀನು ಬರೀ ಬಾಯಿ ಆಡಿಸು ಪುಟ್ಟ, ಸಾಕು” ಅಂತ ಹೇಳುವುದು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತು ಕೇಳಿದ ಮಕ್ಕಳು ನಲವತ್ತು ವರ್ಷ ಆದ ಮೇಲೂ ಅದನ್ನು ಮರೆತಿರುವುದಿಲ್ಲ. ‘ನಂಗೆ ಹಾಡೋಕೆ ಬರಲ್ಲ’ ಅನ್ನುವ ದೊಡ್ಡವರನ್ನು ಸ್ವಲ್ಪ ಮಾತಾಡಿಸಿ ನೋಡಿ, ಎಷ್ಟೋ ಜನರ ಹಿಂದೆ ಒಬ್ಬ ಟೀಚರ್ ಇರುತ್ತಾರೆ.

ನಮ್ಮಲ್ಲಿಗೂ ಅಂಥ ಒಬ್ಬ ಹುಡುಗ ಬಂದಿದ್ದ. ಎಲ್ಲರೂ ಮೇಲೆ ಹೋದಾಗ ಅವನು ಕೆಳಗೆ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತಿದ್ದ. ಪಕ್ಕದವರು ಅವನನ್ನು ತಿರುಗಿ ನೋಡುತ್ತಿದ್ದರು. ಅವನಿಗೆ ಲಯ ಚೆನ್ನಾಗಿತ್ತು, ಹೆಜ್ಜೆ ತಪ್ಪುತ್ತಿರಲಿಲ್ಲ. ಶಾಲೆಯಲ್ಲಿ ಹಾಡಬೇಡ ಅಂದಿದ್ದಾರೆ ಅಂತ ಅವನೇ ಹೇಳಿದ, ಯಾವ ಬೇಸರವೂ ಇಲ್ಲದೆ, ತನ್ನ ಮನೆ ಎಲ್ಲಿದೆ ಅಂತ ಹೇಳುವಷ್ಟು ಸಹಜವಾಗಿ.

ಮಧ್ಯಾಹ್ನ ಊಟದ ಮೇಲೆ ಅವನನ್ನು ಹಾರ್ಮೋನಿಯಂ ಪಕ್ಕ ಕೂರಿಸಿಕೊಂಡೆ. ನಾನು ಸ ಹಿಡಿದು ಇದನ್ನು ಹಾಡು ಅನ್ನಲಿಲ್ಲ. ನೀನು ಏನಾದರೂ ಒಂದು ಸ್ವರ ಎಳಿ ಅಂದೆ. ಅವನು ‘ಊ’ ಅಂದ. ನಾನು ಅವನ ಸ್ವರ ಎಲ್ಲಿದೆ ಅಂತ ಹುಡುಕಿ ಹಾರ್ಮೋನಿಯಂನ ಆ ಮನೆ (ಕೀ) ಒತ್ತಿದೆ. ಅವನ ದನಿ ಪೆಟ್ಟಿಗೆಯ ದನಿಗೆ ಅಂಟಿಕೊಂಡಿತು. ಅವನು ತಟಕ್ಕನೆ ನಿಲ್ಲಿಸಿ ಪೆಟ್ಟಿಗೆ ನೋಡಿದ. “ಇನ್ನೊಂದ್ಸಲ” ಅಂದ. ಎರಡು ಸ್ವರ ಒಂದಾದಾಗ ಎದೆಯಲ್ಲಿ ಏನಾಗುತ್ತದೆ ಅನ್ನುವುದು ಅವನಿಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಸದಾ ಅವನು ಬೇರೆಯವರ ಸ್ವರಕ್ಕೆ ಹೋಗಬೇಕಾಗಿತ್ತು, ಅವನ ಸ್ವರಕ್ಕೆ ಯಾರೂ ಬಂದಿರಲಿಲ್ಲ. ಅಲ್ಲಿಂದ ಒಂದು ಮನೆ ಮೇಲೆ, ಇನ್ನೊಂದು ಮನೆ ಮೇಲೆ. ಕೆಲವು ದಿನ ಕಳೆದ ಮೇಲೆ ಐದು ಸ್ವರದ ಹಾಡು ಅವನಿಗೆ ಬಂತು. ಆಮೇಲೆ ಅವನನ್ನು ಗುಂಪಿನಲ್ಲಿ ಇಬ್ಬರು ಗಟ್ಟಿ ಹಾಡುಗಾರರ ನಡುವೆ ನಿಲ್ಲಿಸಿದೆವು. ಮೇಲಿನ ಸ್ವರಗಳಲ್ಲಿ ಆಗಾಗ ಜಾರುತ್ತಿದ್ದ. ಜಾರಿದ್ದು ಅವನಿಗೇ ಗೊತ್ತಾಗುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಇದರಲ್ಲಿ ದೊಡ್ಡವರ ಪಾಲೂ ಇದೆ. ಗಂಡಸು ಮೇಷ್ಟ್ರು ತಮ್ಮ ದನಿಯಲ್ಲಿ ಹಾಡಿ ತೋರಿಸಿದರೆ ಎಷ್ಟೋ ಸಣ್ಣ ಮಕ್ಕಳು ಆ ಕೆಳಗಿನ ದನಿಯನ್ನೇ ಹಿಡಿಯಲು ಹೋಗಿ ಗಂಟಲಲ್ಲಿ ಗೊರಗೊರ ಅನ್ನುತ್ತಾರೆ. ಒಬ್ಬ ಹುಡುಗಿಯ ಕೈಯಲ್ಲಿ ಹಾಡಿಸಿ ತೋರಿಸಿದರೆ ಅದೇ ಮಕ್ಕಳು ಸಲೀಸಾಗಿ ಎತ್ತುತ್ತಾರೆ. ಏಳರಿಂದ ಹತ್ತು ವರ್ಷದ ಮಕ್ಕಳ ಗುಂಪಿಗೆ ಹಾರ್ಮೋನಿಯಂನ ನಡುಸ್ಥಾಯಿಯ ಬಿಳಿ 2ರಿಂದ (ಎರಡನೇ ಬಿಳಿ ಮನೆ) ಮೇಲಕ್ಕೆ ಹೆಚ್ಚುಕಡಿಮೆ ಒಂದು ಸ್ಥಾಯಿಯೊಳಗೆ ಹಾಡು ಇದ್ದರೆ ಕಿರುಚಾಟ ಬಹಳ ಕಡಿಮೆಯಾಗುತ್ತದೆ. ಹದಿಮೂರು ಹದಿನಾಲ್ಕು ವರ್ಷದ ಹುಡುಗರ ದನಿ ಒಡೆಯುವ ಕಾಲದಲ್ಲಿ ಅವರಿಗೆ ಮುಜುಗರ ಜಾಸ್ತಿ. ಅವರಿಗೆ ಕೆಳಸ್ಥಾಯಿಯಲ್ಲಿ ಒಂದು ಸಾಲು, ಒಂದು ಹುಯ್ಲು, ಒಂದು ತಮಟೆ ಕೊಟ್ಟರೆ ಅದೇ ದನಿ ಗುಂಪಿಗೆ ಬೇಕಾದ ದನಿ ಆಗುತ್ತದೆ.

ಪಾತ್ರ ಹಂಚುವ ರೀತಿ

ಈಚೆಗೆ ನಾವು ಪಾತ್ರ ಹಂಚುವುದನ್ನೇ ಬೇರೆ ರೀತಿ ಮಾಡುತ್ತಿದ್ದೇವೆ. ಅಭ್ಯಾಸದ ಬಹುಪಾಲು ದಿನ ಎಲ್ಲರೂ ಎಲ್ಲವೂ ಆಗಿರುತ್ತಾರೆ. ಇವತ್ತು ಜೋಗಿ ಆದವನು ನಾಳೆ ಇಲಿ. ಎಲ್ಲರಿಗೂ ಎಲ್ಲ ಹಾಡೂ ಬರುತ್ತದೆ, ಎಲ್ಲ ಮಾತೂ ಬರುತ್ತದೆ. ಪ್ರದರ್ಶನ ಹತ್ತಿರ ಬಂದಾಗ ಪಾತ್ರ ನಿಲ್ಲಿಸುತ್ತೇವೆ. ಇದರಿಂದ ಒಂದು ಲಾಭ ಎಂದರೆ ಯಾರಿಗಾದರೂ ಜ್ವರ ಬಂದರೆ ನಾಟಕ ನಿಲ್ಲುವುದಿಲ್ಲ. ಇನ್ನೊಂದು ಲಾಭ ದೊಡ್ಡದು. ಜೋಗಿಯಾಗಿ ನಿಂತು ನೋಡಿದ ಮಗುವಿಗೆ, ಹಿಂದೆ ಬರುವ ಇಲಿಗಳು ಕೇಳಿಸಿಕೊಳ್ಳದಿದ್ದರೆ ಜೋಗಿಯ ವಾದ್ಯಕ್ಕೆ ಯಾವ ಶಕ್ತಿಯೂ ಇಲ್ಲ ಅನ್ನುವುದು ಮೈಗೆ ಗೊತ್ತಾಗಿರುತ್ತದೆ. ಜೋಗಿ ದೊಡ್ಡವನಾಗಿ ಕಾಣುವುದು ಇಲಿಗಳು ಅವನನ್ನು ನೋಡುವ ರೀತಿಯಿಂದ. ಆ ಮಗು ಮತ್ತೆ ಇಲಿಯಾಗಿ ಬಂದಾಗ ಬೇರೆ ಥರ ನೋಡುತ್ತದೆ.

ನಿರ್ದೇಶಕರು ಇನ್ನೊಂದು ಕೆಲಸ ಮಾಡುತ್ತಾರೆ. ಗುಂಪಿನ ಪ್ರತಿ ಇಲಿಗೂ ಒಂದು ಬೇರೆ ಕೆಲಸ. ಒಂದು ಹಸಿದ ಇಲಿ, ಒಂದು ಪುಕ್ಕಲು ಇಲಿ, ಒಂದು ತಂಗಿಯನ್ನು ಕರೆದುಕೊಂಡು ಬಂದ ಇಲಿ. ಮಕ್ಕಳೇ ಆರಿಸಿಕೊಳ್ಳುತ್ತಾರೆ. ಹೊಳೆಗೆ ಬೀಳುವಾಗ ಪುಕ್ಕಲು ಇಲಿ ದಡದಲ್ಲಿ ಒಂದು ಕ್ಷಣ ತಡೆಯುತ್ತದೆ, ತಂಗಿಯ ಕೈ ಹಿಡಿದ ಇಲಿ ತಂಗಿಯನ್ನು ಮುಂದೆ ಬಿಡುತ್ತದೆ. ಹಾಡು ಒಂದೇ, ತಾಳ ಒಂದೇ. ಬೀಳುವುದು ಮಾತ್ರ ಒಬ್ಬೊಬ್ಬರದ್ದು ಒಂದೊಂದು ಥರ. ಒಂದೇ ಸಮ ಕೈ ಎತ್ತುವ ಗುಂಪಿಗಿಂತ ಇದು ಎಷ್ಟೋ ಪಾಲು ಕಷ್ಟ, ಯಾಕೆಂದರೆ ಬೇರೆ ಬೇರೆ ಮಾಡುತ್ತಲೇ ಒಟ್ಟಿಗೆ ಇರಬೇಕು.

ಸರ್ಕಾರಿ ಶಾಲೆಯ ಒಬ್ಬ ಶಿಕ್ಷಕಿ ಶಿಬಿರ ನೋಡಲು ಬಂದವರು ಕೇಳಿದರು: ನಿಮಗೇನೋ ಹಾಲ್ ಇದೆ, ಪೆಟ್ಟಿಗೆ ತಬಲ ಇದೆ, ನನ್ನ ಹತ್ತಿರ ಒಂದು ಕೊಠಡಿ, ಬೆಂಚು, ನಲವತ್ತು ಮಕ್ಕಳು, ಶಾಲೆಗಳ ಪ್ರತಿಭಾ ಕಾರಂಜಿ ಸ್ಪರ್ಧೆಗೆ ಹದಿನೈದು ದಿನ. ನಾನು ಎಲ್ಲಿಂದ ಶುರು ಮಾಡಲಿ? ನಾವಿಬ್ಬರೂ ಕೂತು ಬಹಳ ಹೊತ್ತು ಮಾತಾಡಿದೆವು. ಬೆಂಚನ್ನು ಗೋಡೆಗೆ ಸರಿಸುವುದರಿಂದ ಶುರು ಮಾಡಿ ಅಂದೆ. ಮೊದಲ ಮೂರು ದಿನ ಹಾಡು ಬೇಡ, ನಡೆದು ನಿಲ್ಲುವುದು ಮಾತ್ರ. ಒಂದು ಜನಪದ ಹಾಡು ಆರಿಸಿಕೊಳ್ಳಿ, ಮಕ್ಕಳ ಮನೆಯಲ್ಲಿ ಅಜ್ಜಿಯರಿಗೆ ಗೊತ್ತಿರುವಂಥದ್ದು. ಸೊಲ್ಲು ಇರುವ ಹಾಡು ಆದರೆ ಒಳ್ಳೆಯದು, ಒಬ್ಬರು ಎತ್ತಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಎತ್ತುವವರು ದಿನಾ ಬದಲಾಗಲಿ. ನಲವತ್ತು ಜನರನ್ನು ಎರಡು ಭಾಗ ಮಾಡಿ. ಅರ್ಧ ಜನ ಮಾಡುವಾಗ ಉಳಿದರ್ಧ ಜನ ಕಣ್ಣು ಮುಚ್ಚಿ ಕೇಳಲಿ, ಆಮೇಲೆ ಎಲ್ಲಿ ಲಯ ಓಡಿತು ಅಂತ ಅವರೇ ಹೇಳಲಿ. ನೀವು ಹೇಳಬೇಡಿ. ತಾಳಕ್ಕೆ ಡೆಸ್ಕ್ ಇದೆ, ಕಂಪಾಸ್ ಬಾಕ್ಸ್ ಇದೆ.

ಅವರು ಎಲ್ಲವನ್ನೂ ಒಂದು ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. “ಕಾಂಪಿಟಿಷನ್‌ನಲ್ಲಿ ಗುಂಪಿಗೆ ಇಷ್ಟೇ ಜನ ಅಂತ ಮಿತಿ ಹಾಕಿದರೆ ಉಳಿದ ಮಕ್ಕಳನ್ನು ಏನು ಮಾಡೋದು?” ಅಂದರು. ಅಲ್ಲಿಗೆ ಹೋಗುವವರನ್ನು ಕೊನೆಯಲ್ಲಿ ಆರಿಸಿ, ಅಲ್ಲಿಯ ತನಕ ನಲವತ್ತೂ ಮಕ್ಕಳು ಕಲಿಯಲಿ, ಶಾಲೆಯಲ್ಲಿ ಒಂದು ಶನಿವಾರ ನಲವತ್ತೂ ಮಕ್ಕಳು ಊರಿನವರ ಎದುರು ಹಾಡಲಿ ಅಂದೆ. ತಂದೆ ತಾಯಿಯರನ್ನು ಆ ದಿನ ಕರೆಯುತ್ತೇನೆ ಅಂದರು. ಯಾವ ಶನಿವಾರ ಅಂತ ತಿಳಿಸಿ, ಪೆಟ್ಟಿಗೆ ಹೊತ್ತುಕೊಂಡು ಬರುತ್ತೇನೆ ಅಂತ ನನ್ನ ನಂಬರ್ ಕೊಟ್ಟೆ.